ಅಪ್ಪನ ಜೊತೆ ನಮ್ಮನ್ನೂ ನೋಡಿಕೊಂಡವರು

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿತ್ತು. ಕೀಮೋ ಶುರುವಾದ ಸ್ವಲ್ಪ ದಿನಕ್ಕೆ ಕ್ಯಾನ್ಸರ್ ಡಾಕ್ಟರು, "ಪ್ಯಾಲಿಯೇಟಿವ್ ಕೇರ್‌ನವರನ್ನೂ ಒಮ್ಮೆ ನೋಡಿಬಿಡಿ, ನೋವು-ಸಂಕಟ ಕಡಿಮೆ ಮಾಡಿ ನೋಡಿಕೊಳ್ಳೋ ತಂಡ ಅದು, ಇದೇ ಆಸ್ಪತ್ರೆಯಲ್ಲೇ ಇದ್ದಾರೆ" ಅಂದರು. ಆ ಮಾತು ಕೇಳಿ ನಮಗೆಲ್ಲ ಎದೆ ಧಸಕ್ಕೆಂದಿತು. "ಅಂದ್ರೆ ಇವರು ಕೈಬಿಟ್ರು ಅಂತ ಅಲ್ವಾ?" ಎಂದು ಚಿಕ್ಕಪ್ಪ ಸಿಟ್ಟಾದರು. ಅಮ್ಮ ಏನೂ ಹೇಳಲಿಲ್ಲ.

ಕೀಮೋ ಮಾತ್ರ ನಿಲ್ಲಲಿಲ್ಲ. ಅದು ಅದರ ಪಾಡಿಗೆ ನಡೆಯಿತು, ಇದು ಇದರ ಪಾಡಿಗೆ ಶುರುವಾಯಿತು. ಎರಡೂ ಒಟ್ಟಿಗೆ ನಡೆಯಬಹುದು ಅನ್ನುವುದೇ ನಮಗೆ ಹೊಸ ವಿಷಯ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರವಾಗಿ ಡಾಕ್ಟರು ಒಂದು ಅಧ್ಯಯನದ ಬಗ್ಗೆ ಹೇಳಿದರು. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದದ್ದು, 2010ರಲ್ಲಿ ಪ್ರಕಟವಾದದ್ದು. ಅಪ್ಪನ ಹಾಗೆಯೇ ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದೇ ಚಿಕಿತ್ಸೆ, ಜೊತೆಗೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೇ ಗುಂಪಿನವರಲ್ಲಿ ಖಿನ್ನತೆ ಕಡಿಮೆ ಇತ್ತು. ಕೊನೆಗಾಲದಲ್ಲಿ ಅವರು ಕಠಿಣ ಚಿಕಿತ್ಸೆಗಳನ್ನು ತೆಗೆದುಕೊಂಡದ್ದೂ ಕಡಿಮೆ. ಆದರೂ ಅವರೇ ಜಾಸ್ತಿ ದಿನ ಬದುಕಿದರು. ಮಾಮೂಲಿ ಗುಂಪಿನಲ್ಲಿ ಬದುಕಿದ ಅವಧಿಯ ಮಧ್ಯಮ ಲೆಕ್ಕ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದ ಗಡಿ) 8.9 ತಿಂಗಳಾದರೆ ಇವರದು 11.6 ತಿಂಗಳು. ಚಿಕ್ಕಪ್ಪ ಇದನ್ನು ಕೇಳಿದ ಮೇಲೆ ವಾದ ಮಾಡಲಿಲ್ಲ. ಪೂರ್ತಿ ಒಪ್ಪಿದರು ಅಂತಲೂ ಅಲ್ಲ.

ಮೊದಲ ಭೇಟಿಯಲ್ಲಿ ನಾನು ಗಮನಿಸಿದ್ದು, ಪ್ಯಾಲಿಯೇಟಿವ್ ಕೇರ್ ಡಾಕ್ಟರು ಕುರ್ಚಿ ಎಳೆದುಕೊಂಡು ಅಪ್ಪನ ಮುಖದ ಎತ್ತರಕ್ಕೆ ಕೂತರು. ಸ್ಕ್ಯಾನ್ ಆಮೇಲೆ ನೋಡಿದರು. "ಸರ್, ಈಗ ನಿಮಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡ್ತಿರೋದು ಯಾವುದು?" ಎಂದು ಕೇಳಿದರು. ಅಪ್ಪ ನೋವು ಅನ್ನುತ್ತಾರೆ ಅಂದುಕೊಂಡಿದ್ದೆ. "ರಾತ್ರಿ" ಅಂದರು ಅಪ್ಪ. ಮಲಗಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಎದ್ದು ಕೂತರೆ ಉಸಿರು ಸಾಲುವುದಿಲ್ಲ, ಪಕ್ಕದಲ್ಲಿ ಇವಳು ಎಚ್ಚರವಾಗಿ ಬಿದ್ದುಕೊಂಡಿರುತ್ತಾಳೆ, ಅದನ್ನು ನೋಡುವುದಕ್ಕೆ ಆಗುವುದಿಲ್ಲ ಎಂದರು. ಅಮ್ಮ ನಿದ್ದೆ ಮಾಡುತ್ತಿಲ್ಲ ಅನ್ನುವುದು ನನಗೂ ತಮ್ಮನಿಗೂ ಗೊತ್ತಾದದ್ದು ಅವತ್ತೇ.

ಆಮೇಲೆ ನೋವಿನ ಪ್ರಶ್ನೆಗಳು. ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಎಲ್ಲಿ? ಚುಚ್ಚುತ್ತದೆಯೋ, ಹಿಂಡುತ್ತದೆಯೋ, ಸುಡುತ್ತದೆಯೋ? ಕಾಲಿಗೆ ಇಳಿಯುತ್ತದೆಯಾ? ಎಷ್ಟು ಹೊತ್ತಿಗೆ ಜಾಸ್ತಿ? ಇಷ್ಟೆಲ್ಲ ಯಾಕೆ ಕೇಳುತ್ತಾರೆ ಅಂದರೆ ಪ್ರತಿಯೊಂದಕ್ಕೂ ಮದ್ದು ಬೇರೆ. ಮೂಳೆಯ ನೋವಿಗೆ ಒಂದು ಬಗೆ, ನರ ಒತ್ತಿಕೊಂಡು ಬರುವ ಸುಡುವ ನೋವಿಗೆ ಇನ್ನೊಂದು ಬಗೆ. ಅಪ್ಪನಿಗೆ ಎರಡೂ ಇತ್ತು. ಅಪ್ಪ ಆವತ್ತು ಎಂಟು ಅಂದರು. ಯಾರಿಗೂ ತೊಂದರೆ ಕೊಡಬಾರದು ಅಂತ ನಮ್ಮ ಹತ್ತಿರ "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಿದ್ದ ಮನುಷ್ಯ.

ಈ ತರಹ ಇಡೀ ಮನುಷ್ಯನನ್ನು ಕೇಳಿ ತಿಳಿದುಕೊಳ್ಳುವ ಪದ್ಧತಿಯ ಹಿಂದೆ ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಇದ್ದಾರೆ ಎಂದು ತಂಡದ ಕೌನ್ಸೆಲರ್ ಹೇಳಿದರು. ಆಕೆ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯಲ್ಲಿ ರೋಗಿಗಳ ಮನೆಯ ಕಷ್ಟ ವಿಚಾರಿಸುವ ಸೋಷಿಯಲ್ ವರ್ಕರ್ ಆದರು. ಆಮೇಲೆ ಡಾಕ್ಟರಿಕೆ ಓದಿದರು. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆರೈಕೆ ಕೇಂದ್ರ, ಶುರುಮಾಡಿದರು. ಮೈಯ ನೋವು, ಮನಸ್ಸಿನ ನೋವು, ಮನೆಯ ಚಿಂತೆ, "ನನಗೇ ಯಾಕೆ ಹೀಗಾಯಿತು" ಅನ್ನುವ ಒಳಗಿನ ಕೊರಗು, ಇವೆಲ್ಲ ಸೇರಿ ಒಂದೇ ನೋವು ಅನ್ನುವುದು ಅವರ ತಿಳಿವಳಿಕೆ. ಇದನ್ನು ದೊಡ್ಡ ಆಸ್ಪತ್ರೆಯ ಒಳಗೇ ಒಂದು ವಿಭಾಗವಾಗಿ ತಂದವರಲ್ಲಿ ಮೊದಲಿಗರು ಕೆನಡಾದ ಬಾಲ್ಫರ್ ಮೌಂಟ್. 1970ರ ದಶಕದ ಮಧ್ಯದಲ್ಲಿ, ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ನನಗೆ ಸಾಂಡರ್ಸ್ ಅವರ ಮೂರೂ ಕೆಲಸಗಳು ನಮ್ಮ ತಂಡದಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಡಾಕ್ಟರು, ಸಿಸ್ಟರು, ಸೋಷಿಯಲ್ ವರ್ಕರ್ ಮೂವರೂ ಒಂದೇ ಫೈಲಿನಲ್ಲಿ ಬರೆಯುತ್ತಿದ್ದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿಕೊಂಡೇ ಬರುತ್ತಿದ್ದರು.

ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧದ ಹೆಸರು ಬಂದಾಗ ಮನೆಯಲ್ಲಿ ಎರಡನೇ ಸಲ ಗಲಾಟೆ. ಅಮ್ಮನಿಗೆ, ಅದು ಕೊಟ್ಟರೆ ಆಯಸ್ಸು ಬೇಗ ಮುಗಿಯುತ್ತದೆ ಎಂಬ ಹೆದರಿಕೆ. ತಮ್ಮನಿಗೆ, ಚಟ ಆಗುತ್ತದೆ ಎಂಬ ಹೆದರಿಕೆ. ಅಪ್ಪನಿಗೆ, ಈಗಲೇ ತೆಗೆದುಕೊಂಡರೆ ಮುಂದೆ ನೋವು ಜಾಸ್ತಿ ಆದಾಗ ಏನು ಕೊಡುತ್ತಾರೆ ಎಂಬ ಚಿಂತೆ. ಡಾಕ್ಟರು ಮೂರನ್ನೂ ಒಂದೊಂದಾಗಿ ಕೇಳಿಸಿಕೊಂಡರು. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ, ಅದರ ಮೇಲಿನ ಮೆಟ್ಟಿಲಲ್ಲಿ ಮಾರ್ಫಿನ್ ಇದೆ ಅಂದರು. ಕಡಿಮೆ ಡೋಸಿನಿಂದ ಶುರುಮಾಡಿ, ನೋವು ನೋಡಿಕೊಂಡು ಏರಿಸುತ್ತಾ ಹೋದರೆ ಅದು ಉಸಿರು ನಿಲ್ಲಿಸುವುದಿಲ್ಲ. ಡೋಸ್ ಜಾಸ್ತಿ ಆದರೆ ಮೊದಲು ಮಂಪರು ಬರುತ್ತದೆ, ಅದನ್ನು ನೋಡಿಯೇ ಕಡಿಮೆ ಮಾಡುತ್ತೇವೆ. ನೋವಿಗಾಗಿ ಲೆಕ್ಕದಂತೆ ಕೊಡುವಾಗ ಚಟದ ಮಾತು ಬಹಳ ಅಪರೂಪ. ಇಂತಿಷ್ಟೇ ಕೊಡಬೇಕು ಅನ್ನುವ ಮಿತಿ ಇದಕ್ಕಿಲ್ಲ, ಹಾಗಾಗಿ ಮುಂದಕ್ಕೆ ಅಂತ ಕೂಡಿಡುವುದು ಬೇಡ. ಇಷ್ಟನ್ನೂ ನಿಧಾನವಾಗಿ ಹೇಳಿ, "ಇನ್ನೂ ಏನಾದ್ರೂ ಅನುಮಾನ ಇದ್ಯಾ ಅಮ್ಮಾ?" ಎಂದು ಅಮ್ಮನನ್ನೇ ನೋಡಿ ಕೇಳಿದರು. ಅಮ್ಮ ಇಲ್ಲ ಅನ್ನುವಂತೆ ತಲೆಯಾಡಿಸಿದಳು.

ಬಾಯಿಗೆ ಹಾಕುವ ದ್ರವದ ಮಾರ್ಫಿನ್. ನಾಲ್ಕು ಗಂಟೆಗೊಂದು ಸಲ, ಗಡಿಯಾರ ನೋಡಿಕೊಂಡು. ಇದು ಬಹಳ ಮುಖ್ಯ ಎಂದು ಸಿಸ್ಟರ್ ಒತ್ತಿ ಹೇಳಿದರು. ನೋವು ಬರಲಿ ಅಂತ ಕಾಯಬಾರದು, ಹಿಂದಿನ ಡೋಸಿನ ಬಲ ಇಳಿಯುವ ಮೊದಲೇ ಮುಂದಿನದು ಹೋಗಬೇಕು. ಮಧ್ಯದಲ್ಲಿ ನೋವು ಎದ್ದರೆ ಒಂದು ಹೆಚ್ಚುವರಿ ಡೋಸ್. ಎಷ್ಟು ಹೊತ್ತಿಗೆ ಕೊಟ್ಟಿರಿ, ಯಾಕೆ ಕೊಟ್ಟಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆ ಲೆಕ್ಕ ನೋಡಿಯೇ ಮಾಮೂಲಿ ಡೋಸನ್ನು ಏರಿಸುತ್ತಾರೆ. ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ತೂಕಡಿಕೆ ಬರಬಹುದು, ಅವು ತಾವಾಗೇ ಹೋಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಮಾರ್ಫಿನ್ ಶುರುವಾದ ದಿನವೇ ಭೇದಿ ಮಾತ್ರೆ ಶುರುವಾಯಿತು. ನೋವಿನ ವಿಷಯ ಎಲ್ಲರೂ ಕೇಳುತ್ತಾರೆ, "ಹೊಟ್ಟೆ ಹೋಯ್ತಾ?" ಅಂತ ದಿನಾ ಕೇಳುವವರು ಈ ತಂಡದವರು ಮಾತ್ರ. ಅದು ಎಷ್ಟು ದೊಡ್ಡ ಉಪಕಾರ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಸೊಂಟದ ಮೂಳೆಗೆ ಒಂದೇ ಸಲದ ರೇಡಿಯೇಷನ್ ಕೊಟ್ಟರು, 8 ಗ್ರೇ (ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ). ನೋವು ಕಡಿಮೆ ಮಾಡುವುದಕ್ಕೆ ಹತ್ತಾರು ಸಲ ಓಡಾಡುವ ಅಗತ್ಯ ಬಹಳ ಜನಕ್ಕೆ ಇರುವುದಿಲ್ಲವಂತೆ, ಒಂದೇ ಸಲದ್ದೂ ಅಷ್ಟೇ ಕೆಲಸ ಮಾಡುತ್ತದೆ. ಮೊದಲೆರಡು ದಿನ ನೋವು ಸ್ವಲ್ಪ ಜಾಸ್ತಿ ಆಗಬಹುದು ಎಂದು ಮೊದಲೇ ಹೇಳಿದ್ದರು, ಹಾಗೇ ಆಯಿತು, ಅದಕ್ಕೇ ನಾವು ಗಾಬರಿಯಾಗಲಿಲ್ಲ. ಆಮೇಲೆ ನೋವು ಎಂಟರಿಂದ ಮೂರಕ್ಕೆ ಇಳಿಯಿತು. ಅಪ್ಪ ರಾತ್ರಿ ನಿದ್ದೆ ಮಾಡಿದರು. ಅಮ್ಮನೂ ಮಾಡಿದಳು. ನಿದ್ದೆ ಬಂದ ಮೇಲೆ ಅಪ್ಪ ಮತ್ತೆ ನಮ್ಮ ಅಪ್ಪನ ಹಾಗೆ ಮಾತಾಡತೊಡಗಿದರು. ಪೇಪರ್ ಕೇಳಿದರು, ತಮ್ಮನ ಕೆಲಸದ ವಿಷಯ ವಿಚಾರಿಸಿದರು, ನನ್ನನ್ನು ಗದರಿದರು. ನೋವು ಎಂಟರಲ್ಲಿ ಇರುವ ಮನುಷ್ಯನ ಹತ್ತಿರ ಯಾವ ನಿರ್ಧಾರದ ಮಾತನ್ನೂ ಆಡಲು ಆಗುವುದಿಲ್ಲ. ಮೊದಲು ನೋವು ಇಳಿಸಿ, ಆಮೇಲೆ ಮಾತು ಎಂದು ಆ ತಂಡ ಇಟ್ಟುಕೊಂಡ ಕ್ರಮ ಎಷ್ಟು ಸರಿ ಅಂತ ನನಗೆ ಆಗ ಅರ್ಥವಾಯಿತು.

ಉಸಿರಾಟದ ತೊಂದರೆ ನೋವಿಗಿಂತ ಭಯ ಹುಟ್ಟಿಸುತ್ತದೆ. ನೋಡುವವರಿಗೂ ಅಷ್ಟೇ. ಇದಕ್ಕೆ ಅವರು ಕೊಟ್ಟ ಮೊದಲ ಉಪಾಯ ನನಗೆ ನಂಬಲಿಕ್ಕೇ ಆಗಲಿಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಫ್ಯಾನ್. ಮೂಗು, ತುಟಿ, ಕೆನ್ನೆಯ ಮೇಲೆ ತಣ್ಣನೆ ಗಾಳಿ ಬಿದ್ದರೆ ಉಸಿರು ಸಾಲುತ್ತಿಲ್ಲ ಅನ್ನುವ ಭಾವನೆ ಕಡಿಮೆಯಾಗುತ್ತದೆ. ಮುಂದಕ್ಕೆ ಬಾಗಿ, ದಿಂಬಿನ ಮೇಲೆ ಮೊಣಕೈ ಊರಿ ಕೂರುವುದನ್ನೂ, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನೂ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಆ ಫ್ಯಾನನ್ನು ಅಪ್ಪ ಕೈಯಿಂದ ಕೆಳಗಿಡುತ್ತಿರಲಿಲ್ಲ. ಅದೇ ಮಾರ್ಫಿನ್ ಉಸಿರಿನ ಸಂಕಟಕ್ಕೂ ಸಹಾಯ ಮಾಡುತ್ತದೆ ಅನ್ನುವುದು ಅಮ್ಮನಿಗೆ ಬಹಳ ಆಶ್ಚರ್ಯ ತಂದ ಸಂಗತಿ.

ಇಷ್ಟರಲ್ಲಿ ಹೊಸ ಸ್ಕ್ಯಾನ್ ಬಂತು. ಕೀಮೋ ಕೆಲಸ ಮಾಡುತ್ತಿರಲಿಲ್ಲ. ಚಿಕ್ಕಪ್ಪ ಡಾಕ್ಟರನ್ನು ಹೊರಗೆ ಕರೆದು, "ಅಣ್ಣನಿಗೆ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡುಬಿಡ್ತಾನೆ" ಅಂದರು. ನಮಗೂ ಹಾಗೇ ಅನ್ನಿಸಿತ್ತು. ಡಾಕ್ಟರು ಬುದ್ಧಿ ಹೇಳಲಿಲ್ಲ. "ನಿಮಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಅಂತ ಗೊತ್ತಾಗ್ತಿದೆ. ಹೇಳಿದ್ರೆ ಏನಾಗಬಹುದು ಅಂತ ಭಯ?" ಎಂದು ಕೇಳಿದರು. ಚಿಕ್ಕಪ್ಪ ಬಹಳ ಹೊತ್ತು ಮಾತಾಡಿದರು. ಕೊನೆಗೆ ಡಾಕ್ಟರು, "ನಾನಾಗಿ ಏನೂ ಹೇರೋದಿಲ್ಲ. ಅವರಿಗೆ ಎಷ್ಟು ತಿಳ್ಕೋಬೇಕು ಅಂತ ಇದೆ ಅನ್ನೋದನ್ನ ಕೇಳ್ತೀನಿ. ಅವರು ಕೇಳಿದರೆ ಮಾತ್ರ ಸುಳ್ಳು ಹೇಳಲ್ಲ. ನೀವೂ ಜೊತೆಯಲ್ಲೇ ಇರಿ" ಅಂದರು.

ಆ ಸಭೆಗೆ ಒಂದು ಬೇರೆ ಕೋಣೆಯೇ ಇತ್ತು. ಡಾಕ್ಟರು, ಸಿಸ್ಟರ್, ಸೋಷಿಯಲ್ ವರ್ಕರ್, ಗಾಲಿಕುರ್ಚಿಯಲ್ಲಿ ಅಪ್ಪ, ನಾವೆಲ್ಲ. ಶುರುವಾದದ್ದು, "ನಿಮ್ಮ ಕಾಯಿಲೆ ಈಗ ಹೇಗಿದೆ ಅಂತ ನಿಮಗೆ ಅನ್ನಿಸ್ತಿದೆ ಸರ್?" ಅನ್ನುವ ಪ್ರಶ್ನೆಯಿಂದ. ಅಪ್ಪ ಒಂದು ಕ್ಷಣವೂ ತಡಮಾಡಲಿಲ್ಲ. "ಇದು ವಾಸಿಯಾಗಲ್ಲ ಅಂತ ನನಗೆ ಯಾವತ್ತೋ ಗೊತ್ತು. ಇವರಿಗೆ ಗೊತ್ತಾದ್ರೆ ತಡ್ಕೊಳ್ಳಲ್ಲ ಅಂತ ಸುಮ್ನಿದ್ದೆ" ಅಂದರು. ಚಿಕ್ಕಪ್ಪ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಡಾಕ್ಟರು ಮಾತು ಮುಂದುವರಿಸಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅಪ್ಪ ತಾವಾಗಿಯೇ ಕೇಳಿದರು, ಇನ್ನೆಷ್ಟು ದಿನ ಅಂತ. ತಿಂಗಳುಗಳಿಗಿಂತ ವಾರಗಳ ಲೆಕ್ಕ ಇರಬಹುದು, ಖಚಿತವಾಗಿ ಯಾರೂ ಹೇಳಲಾಗದು ಎಂಬ ಉತ್ತರ ಬಂತು.

ಆವತ್ತೇ ಕೆಲವು ನಿರ್ಧಾರಗಳಾದವು. ಅಪ್ಪ ಇನ್ನು ಕೀಮೋ ಬೇಡ ಅಂದರು. ಐಸಿಯು, ವೆಂಟಿಲೇಟರ್ ಬೇಡ ಅಂದರು. ಹೃದಯ ನಿಂತರೆ ಎದೆ ಒತ್ತುವ ಪ್ರಯತ್ನದ ಬಗ್ಗೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಈ ಹಂತದ ಕ್ಯಾನ್ಸರಿನಲ್ಲಿ ಅದರಿಂದ ಜೀವ ಉಳಿಯುವುದು ತೀರಾ ಅಪರೂಪ, ಪಕ್ಕೆಲುಬು ಮುರಿಯಬಹುದು, ಮನೆಯವರನ್ನು ಹೊರಗೆ ಕಳಿಸಬೇಕಾಗುತ್ತದೆ. ಅಪ್ಪ "ಬೇಡ" ಅಂದದ್ದನ್ನು ಫೈಲಿನಲ್ಲಿ ಬರೆದರು. ತನಗೆ ಮಾತಾಡಲು ಆಗದಿದ್ದರೆ ಮಗಳನ್ನು ಕೇಳಿ ಎಂದು ಅಪ್ಪ ಹೇಳಿದ್ದನ್ನೂ ಬರೆದರು. ನನಗೆ ಆ ಹೊರೆ ಕಷ್ಟವೇ. ಆದರೆ ಅಪ್ಪನ ಬಾಯಲ್ಲೇ ಕೇಳಿದ್ದರಿಂದ, ಮುಂದೆ ರಾತ್ರಿ ಪಾಳಿಯ ಹೊಸ ಡಾಕ್ಟರೊಬ್ಬರು ಬಂದು ಐಸಿಯುಗೆ ಕಳಿಸೋಣವೇ ಎಂದು ಕೇಳಿದಾಗ ನನ್ನ ಧ್ವನಿ ನಡುಗಲಿಲ್ಲ.

ಸೋಷಿಯಲ್ ವರ್ಕರ್ ನೋಡಿಕೊಂಡದ್ದು ಮುಖ್ಯವಾಗಿ ನಮ್ಮನ್ನು. "ನೀವು ಊಟ ಮಾಡಿದ್ರಾ? ನಿಮ್ಮ ಬಿಪಿ ಮಾತ್ರೆ ತಗೊಂಡ್ರಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಯಾರು ಯಾವ ರಾತ್ರಿ ಇರಬೇಕು ಅಂತ ನಮ್ಮ ಜೊತೆ ಕೂತು ಪಟ್ಟಿ ಮಾಡಿದರು. ಅದರಲ್ಲಿ ಅಮ್ಮನ ಹೆಸರನ್ನು ಬೇಕಂತಲೇ ಕಡಿಮೆ ಹಾಕಿದರು. ತಮ್ಮನ ರಜೆಗೆ ಬೇಕಾದ ಪತ್ರ, ಅಪ್ಪನ ಸಹಿ ಬೇಕಿದ್ದ ಕಾಗದಗಳು, ಎಲ್ಲವನ್ನೂ ಅಪ್ಪನಿಗೆ ಪ್ರಜ್ಞೆ ಚೆನ್ನಾಗಿರುವಾಗಲೇ ಮುಗಿಸಿಕೊಳ್ಳಿ ಎಂದು ನೆನಪಿಸಿದವರೂ ಅವರೇ.

ತಮ್ಮನ ಮಗಳಿಗೆ ಆರು ವರ್ಷ. ಅವಳಿಗೆ ಏನು ಹೇಳುವುದು ಅಂತ ನಾವು ಯಾರೂ ಬಾಯಿಬಿಟ್ಟಿರಲಿಲ್ಲ. ಕೌನ್ಸೆಲರ್ ದಾರಿ ತೋರಿಸಿದರು. "ಸಾಯುವುದು" ಅನ್ನುವ ಮಾತನ್ನೇ ಬಳಸಿ. "ತಾತ ಮಲಗಿದ್ದಾರೆ" ಅಂದರೆ ಮಗುವಿಗೆ ನಿದ್ದೆ ಅಂದರೇ ಭಯವಾಗಬಹುದು. "ದೂರ ಹೋದರು" ಅಂದರೆ ವಾಪಸ್ ಬರುತ್ತಾರೆ ಅಂತ ಕಾಯುತ್ತದೆ. ಇದು ನಿನ್ನಿಂದ ಆದದ್ದಲ್ಲ, ಇದು ಅಂಟುವ ಕಾಯಿಲೆ ಅಲ್ಲ, ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ, ಈ ಮೂರನ್ನೂ ಹೇಳಬೇಕು. ಬರಬೇಕು ಅಂದರೆ ಕರೆದುಕೊಂಡು ಬನ್ನಿ, ಬೇಡ ಅಂದರೆ ಬಲವಂತ ಬೇಡ. ಅವಳು ಬಂದಳು. ತಾತನ ಫ್ಯಾನ್ ಹಿಡಿಯುವ ಕೆಲಸ ತನ್ನದೇ ಅಂತ ತಗೊಂಡಳು. ಮಗುವನ್ನು ಆಸ್ಪತ್ರೆಯಿಂದ ದೂರ ಇಡಬೇಕು ಎಂದು ನಂಬಿದ್ದ ಅಮ್ಮನೇ ಅವಳನ್ನು ಮರುದಿನವೂ ಕರೆತರಲು ಹೇಳಿದಳು.

ಅಪ್ಪ ಊಟ ಬಿಟ್ಟಾಗ ಅಮ್ಮ ಕುಸಿದಳು. ಒಂದು ತುತ್ತಾದರೂ ತಿನ್ನಲಿ ಅಂತ ಬಾಯಿಗೆ ಹಿಡಿಯುತ್ತಿದ್ದಳು, ಅಪ್ಪ ಮುಖ ತಿರುಗಿಸುತ್ತಿದ್ದರು, ಇಬ್ಬರಿಗೂ ಸಂಕಟ. ಸಿಸ್ಟರ್ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಊಟ ಬಿಟ್ಟಿದ್ದಕ್ಕೆ ಇವರು ಸೊರಗ್ತಿಲ್ಲಮ್ಮ. ಕಾಯಿಲೆ ಜಾಸ್ತಿ ಆಗಿರೋದಕ್ಕೆ ಊಟ ಸೇರ್ತಿಲ್ಲ" ಅಂದರು. ಈ ಹಂತದಲ್ಲಿ ಮೈಗೆ ಆಹಾರವನ್ನು ಬಳಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಬಲವಂತ ಮಾಡಿದರೆ ವಾಂತಿಯಾಗುತ್ತದೆ, ಶ್ವಾಸನಾಳಕ್ಕೆ ಹೋಗುತ್ತದೆ. ಡ್ರಿಪ್ ಹಾಕಿದರೂ ನೀರು ಕಾಲಿನಲ್ಲೋ ಶ್ವಾಸಕೋಶದಲ್ಲೋ ತುಂಬಿಕೊಳ್ಳಬಹುದು. ಆದರೆ ಬಾಯಿ ಒಣಗುವುದು ನಿಜವಾದ ಕಷ್ಟ, ಅದಕ್ಕೆ ನೀವು ಮಾಡಬಹುದಾದ್ದು ಇದೆ ಎಂದು, ಮೆತ್ತನೆ ಸ್ಪಂಜಿನಿಂದ ಬಾಯಿ ಒದ್ದೆ ಮಾಡುವುದನ್ನೂ ತುಟಿಗೆ ಮುಲಾಮು ಹಚ್ಚುವುದನ್ನೂ ಕಲಿಸಿದರು. ಆ ಕೆಲಸವನ್ನು ಅಮ್ಮ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಅಪ್ಪನನ್ನು ಮೇಲಕ್ಕೆ ಸರಿಸುವುದು, ಇವನ್ನು ನಾನೂ ತಮ್ಮನೂ ಕಲಿತೆವು. ಕೈಗೆ ಕೆಲಸ ಸಿಕ್ಕಿದ್ದರಿಂದ ನಮಗೂ ಅಲ್ಲಿ ಕೂರುವುದು ಸುಲಭವಾಯಿತು.

ಕೊನೆಯ ದಿನಗಳಲ್ಲಿ ಏನೇನು ಕಾಣುತ್ತದೆ ಅನ್ನುವುದನ್ನು ಸಿಸ್ಟರ್ ಮುಂಚಿತವಾಗಿಯೇ ಹೇಳಿದ್ದರು. ನಿದ್ದೆ ಜಾಸ್ತಿಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮೊಣಕಾಲಿನ ಹತ್ತಿರ ಚರ್ಮ ನೀಲಿ ಕಲೆಗಟ್ಟುತ್ತದೆ. ಉಸಿರು ಜೋರಾಗಿ ಬಂದು, ಮೆಲ್ಲಗಾಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಜೊಲ್ಲು ನುಂಗಲಾಗದೆ ಬರುವ ಸದ್ದು ಅದು, ಕೇಳುವ ನಮಗೆ ಹಿಂಸೆಯಾದಷ್ಟು ಅವರಿಗೆ ಆಗುವುದಿಲ್ಲ. ಕಿವಿ ಕೊನೆಯವರೆಗೂ ಕೇಳಿಸುತ್ತಿರಬಹುದು, ಮಾತಾಡುತ್ತಾ ಇರಿ ಎಂದರು. ನುಂಗಲು ಆಗದಾಗ ಔಷಧಗಳನ್ನು ಚರ್ಮದ ಕೆಳಗೆ ಒಂದು ಸಣ್ಣ ಸೂಜಿಯಿಂದ, ಇಪ್ಪತ್ನಾಲ್ಕು ಗಂಟೆ ನಿಧಾನವಾಗಿ ತಳ್ಳುವ ಪಂಪಿನಲ್ಲಿ ಕೊಟ್ಟರು. ರಕ್ತಪರೀಕ್ಷೆ, ಪದೇ ಪದೇ ಬಿಪಿ ನೋಡುವುದು ಎಲ್ಲ ನಿಲ್ಲಿಸಿದರು. ಆದರೆ ದಿನಕ್ಕೆ ಇಷ್ಟು ಸಲ ಅಂತ ಲೆಕ್ಕವಿಲ್ಲದೆ ಬಂದು ಹೋಗುತ್ತಿದ್ದರು. ಗೊರಗೊರ ಸದ್ದು ಬಂದಾಗ ತಮ್ಮ ಗಾಬರಿಯಿಂದ ಎದ್ದ. "ಇದು ಅವರು ಹೇಳಿದ್ದೇ ಕಣೋ" ಅಂದಳು ಅಮ್ಮ. ಅಪ್ಪ ಹೋದದ್ದು ಒಂದು ಮಧ್ಯಾಹ್ನ, ನಾವೆಲ್ಲರೂ ಇದ್ದಾಗ. ನೋವಿರಲಿಲ್ಲ. ಬೇಗ ಕೋಣೆ ಖಾಲಿಮಾಡಿ ಅಂತ ಯಾರೂ ಹೇಳಲಿಲ್ಲ.

ಈ ತರಹದ ಆರೈಕೆ ಬೇಕಾದವರಲ್ಲಿ ಜಗತ್ತಿನಲ್ಲಿ ಸುಮಾರು 14% ಜನಕ್ಕೆ ಮಾತ್ರ ಅದು ಸಿಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಓದಿದಾಗ ನನಗೆ ಸಿಟ್ಟು ಬಂತು. ಒಂದು ಸಣ್ಣ ಫ್ಯಾನ್, ಒಂದು ಬಾಟಲಿ ಮಾರ್ಫಿನ್, ಕುರ್ಚಿ ಎಳೆದುಕೊಂಡು ಕೂರುವ ಜನ. ಇದರಲ್ಲಿ ಯಾವುದೂ ದೊಡ್ಡ ಯಂತ್ರ ಅಲ್ಲ.

ಕೆಲವು ವಾರಗಳ ನಂತರ ಕೌನ್ಸೆಲರ್ ಫೋನ್ ಮಾಡಿದರು. ಹೇಗಿದ್ದೀರಿ, ಬೇಕೆನಿಸಿದರೆ ಒಮ್ಮೆ ಬಂದು ಮಾತಾಡಬಹುದು ಅಂದರು. ಅಮ್ಮ ಹೋಗುವುದಿಲ್ಲ ಅಂದುಕೊಂಡಿದ್ದೆ, ಹೊರಟೇಬಿಟ್ಟಳು. ಅಲ್ಲಿ ಬಹಳ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಕೇಳಿದಳು: "ಆ ಪಂಪಲ್ಲಿ ಹಾಕಿದ್ರಲ್ಲ ಔಷಧ, ಅದರಿಂದ ಅವರು ಬೇಗ ಹೋದ್ರಾ?" ಮೊದಲ ದಿನ ಅನುಮಾನ ಇಲ್ಲ ಎಂದು ತಲೆಯಾಡಿಸಿದ್ದ ಅಮ್ಮ ಇದನ್ನು ಅಷ್ಟೂ ದಿನ ಒಳಗೇ ಇಟ್ಟುಕೊಂಡಿದ್ದಳು. ಕೌನ್ಸೆಲರ್ ಡಾಕ್ಟರನ್ನು ಕರೆದರು. ಡಾಕ್ಟರು ಅಪ್ಪನ ಫೈಲ್ ತರಿಸಿ, ಔಷಧದ ಹಾಳೆಯನ್ನು ಅಮ್ಮನ ಮುಂದೆ ಇಟ್ಟು, ಬೆರಳಿಟ್ಟು ತೋರಿಸಿದರು. ಬಾಯಿಗೆ ಕೊಡುತ್ತಿದ್ದ ಡೋಸಿಗೆ ಸರಿಸಮವಾದದ್ದನ್ನೇ ಪಂಪಿಗೆ ಹಾಕಿದ್ದರು. ಕೊನೆಯವರೆಗೂ ಅದನ್ನು ಏರಿಸಿರಲಿಲ್ಲ. ಏರಿಸುವ ಅಗತ್ಯವೇ ಬಂದಿರಲಿಲ್ಲ. "ಅವರನ್ನ ಕರ್ಕೊಂಡು ಹೋಗಿದ್ದು ಕಾಯಿಲೆ ಅಮ್ಮಾ. ಔಷಧ ನೋವಿಲ್ಲದ ಹಾಗೆ ನೋಡ್ಕೊಂಡಿತು" ಅಂದರು.

ಅಮ್ಮ ಒಂದೊಂದೇ ಸಾಲನ್ನು ತಾನೇ ಓದಿದಳು. ಆಮೇಲೆ, "ಇದನ್ನ ನನ್ನ ಮಗನಿಗೂ ಹೀಗೇ ತೋರಿಸ್ತೀರಾ? ಅವನೂ ಕೇಳ್ದೇ ಒಳಗೇ ಇಟ್ಕೊಂಡಿದ್ದಾನೆ ಅನ್ಸುತ್ತೆ" ಅಂದಳು. ಡಾಕ್ಟರು ಮುಂದಿನ ವಾರಕ್ಕೆ ತಮ್ಮನ ಹೆಸರು ಬರೆದುಕೊಂಡರು.